ನೀರನ್ನು ಅಳಿಸುವ ಮುಂಚೆ ಒಮ್ಮೆ ನೋಡಿ

ಔಷಧಿ ಸಂಶೋಧನೆಯಲ್ಲಿ ನನ್ನ ಕೆಲಸ. ಪ್ರೋಟೀನ್ ರಚನೆಗಳನ್ನು ತೋರಿಸುವ ಪೈಮಾಲ್ ಇಲ್ಲವೇ ಕೈಮೆರಾಎಕ್ಸ್ ಸಾಫ್ಟ್‌ವೇರ್ ದಿನವಿಡೀ ತೆರೆದೇ ಇರುತ್ತದೆ. ಹೊಸದಾಗಿ ಸೇರಿದವರು ಪ್ರೋಟೀನ್ ಫೈಲ್ ತೆರೆದ ಕೂಡಲೇ 'ರಿಮೂವ್ ಸಾಲ್ವೆಂಟ್' ಅಂತ ಟೈಪ್ ಮಾಡುತ್ತಾರೆ. ಸ್ಕ್ರೀನ್ ತುಂಬಾ ಇದ್ದ ಕೆಂಪು ಗುರುತುಗಳೆಲ್ಲ, ಅಂದರೆ ನೀರಿನ ಅಣುಗಳೆಲ್ಲ, ಮಾಯ. ಚಿತ್ರ ಚೊಕ್ಕಟವಾಗುತ್ತದೆ, ನಿಜ. ಡಾಕಿಂಗ್ (ಔಷಧಿಯ ಅಣು ಪ್ರೋಟೀನಿನಲ್ಲಿ ಹೇಗೆ ಕೂರುತ್ತದೆ ಅಂತ ಕಂಪ್ಯೂಟರಿನಲ್ಲಿ ಅಂದಾಜು ಮಾಡುವುದು) ಪಾಠಗಳಲ್ಲೂ ಬಹಳ ಕಡೆ ಹೀಗೇ ಹೇಳಿಕೊಡುತ್ತಾರೆ. ಅಷ್ಟು ಅವಸರ ಬೇಡ ಅಂತ ನಾನು ಹೇಳುತ್ತೇನೆ. ಯಾಕೆ ಅಂತ ತೋರಿಸಲು ಪ್ರೋಟೀನ್ ರಚನೆಗಳ ಸಾರ್ವಜನಿಕ ಸಂಗ್ರಹವಾದ ಪಿಡಿಬಿಯಿಂದ 1ಎಚ್‌ಎಸ್‌ಜಿ ಫೈಲ್ ತೆರೆಯುತ್ತೇನೆ.

ಇದು ಎಚ್‌ಐವಿ ಪ್ರೋಟಿಯೇಸ್. ವೈರಸ್ ತನ್ನ ಉದ್ದನೆಯ ಪ್ರೋಟೀನುಗಳನ್ನು ಬೇಕಾದಲ್ಲಿ ಕತ್ತರಿಸಿಕೊಳ್ಳುವುದು ಈ ಕಿಣ್ವದಿಂದ. ತಲಾ 99 ಅಮೈನೋ ಆಮ್ಲಗಳ ಎರಡು ಸರಪಳಿ, ಎರಡೂ ಒಂದೇ ಥರ. ನಡುವಿನ ಗುಳಿಯಲ್ಲಿ ಇಂಡಿನಾವಿರ್ ಔಷಧಿ ಕೂತಿದೆ. ಫೈಲಿನಲ್ಲಿ ಅದರ ಹೆಸರು ಎಂಕೆ1. ಅದರ ಕೆಳಗೆ ಕತ್ತರಿಸುವ ಕೆಲಸದ ಆಸ್ಪಾರ್ಟೇಟ್ 25, ಎರಡೂ ಸರಪಳಿಯಿಂದ ಒಂದೊಂದು. ಮೇಲಿನಿಂದ ಪ್ರೋಟೀನಿನದೇ ಬಾಗುವ ಭಾಗಗಳಾದ ಎರಡು ಫ್ಲಾಪ್‌ಗಳು ರೆಪ್ಪೆ ಮುಚ್ಚಿದ ಹಾಗೆ ಬಾಗಿವೆ.

ಈಗ ಫ್ಲಾಪ್‌ಗೂ ಔಷಧಿಗೂ ನಡುವೆ ಝೂಮ್ ಮಾಡಿ. ಅಲ್ಲಿ ಒಂದು ಕೆಂಪು ಗುರುತು ಸಿಗುತ್ತದೆ, ನೀರು 308. ಈ ರಚನೆಯ ರೆಸಲ್ಯೂಶನ್, ಅಂದರೆ ಎಷ್ಟು ಸೂಕ್ಷ್ಮವಾಗಿ ಕಾಣುತ್ತದೆ ಅನ್ನುವ ಅಳತೆ, 2 ಆಂಗ್‌ಸ್ಟ್ರಾಮ್. ಇಷ್ಟರಲ್ಲಿ ಹೈಡ್ರೋಜನ್ ಕಾಣಿಸುವುದಿಲ್ಲ, ಹಾಗಾಗಿ ನೀರು ಅಂದರೆ ಬರೀ ಒಂದು ಆಕ್ಸಿಜನ್. ಅದರಿಂದ ಸುತ್ತಲೂ ದೂರ ಅಳೆದು ನೋಡಿ. ಮೇಲೆ ಎರಡೂ ಫ್ಲಾಪ್‌ಗಳ ಐಸೋಲ್ಯೂಸಿನ್ 50ರ ನೈಟ್ರೋಜನ್. ಕೆಳಗೆ ಔಷಧಿಯದೇ ಎರಡು ಆಕ್ಸಿಜನ್. ನಾಲ್ಕೂ ಹೈಡ್ರೋಜನ್ ಬಾಂಡ್ ಆಗುವಷ್ಟು ಹತ್ತಿರ. ಫ್ಲಾಪ್ ಔಷಧಿಯನ್ನು ಹಿಡಿದಿರುವುದು ಈ ನೀರಿನ ಮೂಲಕ! ಇದನ್ನು ಅಳಿಸಿದರೆ ಅಲ್ಲಿ ಸುಮ್ನೆ ಖಾಲಿ ಜಾಗ ಕಾಣುತ್ತದೆ, ಅಷ್ಟೇ.

ಈ ನೀರನ್ನು ಗಮನಿಸಿದವರಿಂದ ಒಂದು ಸೊಗಸಾದ ಕೆಲಸವೂ ಆಯಿತು. ಅದರ ಜಾಗದಲ್ಲಿ ಔಷಧಿಯದೇ ಆಕ್ಸಿಜನ್ ಬಂದು ಕೂತರೆ ಹೇಗೆ ಅಂತ ಡ್ಯೂಪಾಂಟ್ ಮರ್ಕ್ ಕಂಪನಿಯವರು ಯೋಚಿಸಿದರು. ಹಾಗೆ ಹುಟ್ಟಿದ್ದು ಸೈಕ್ಲಿಕ್ ಯೂರಿಯಾ ಅಣುಗಳು. 1994ರಲ್ಲಿ ಪ್ರಕಟವಾದವು. ನೀರು ಹೊರಬಿತ್ತು, ಅದು ಮಾಡುತ್ತಿದ್ದ ಕೆಲಸವನ್ನು ಔಷಧಿಯೇ ಮಾಡಿತು. ನನಗಂತೂ ಇದು ಎಷ್ಟು ಸಲ ಹೇಳಿದರೂ ಸಾಲದು.

ಎಲ್ಲಾ ನೀರೂ ಹೀಗಿರುವುದಿಲ್ಲ. ಹೊರಮೈಯಲ್ಲಿ ಇರುವುದರಲ್ಲಿ ಹೆಚ್ಚಿನದನ್ನು ತೆಗೆದರೆ ತೊಂದರೆ ಇಲ್ಲ. ಔಷಧಿ, ಪ್ರೋಟೀನ್ ಎರಡನ್ನೂ ಮುಟ್ಟುವ ನೀರು ಇದೆಯಾ ಅಂತ ಮಾತ್ರ ಮೊದಲು ನೋಡಿ. ಇದ್ದರೆ ಅದರ ಬಿ-ಫ್ಯಾಕ್ಟರ್ (ಪರಮಾಣು ತನ್ನ ಜಾಗದಲ್ಲಿ ಎಷ್ಟು ಅಲ್ಲಾಡುತ್ತದೆ ಅನ್ನುವ ಅಂಕ) ನೋಡಿ. ಸುತ್ತಲಿನ ಪರಮಾಣುಗಳಿಗಿಂತ ತುಂಬಾ ಜಾಸ್ತಿ ಇದ್ದರೆ ಆ ನೀರು ಅಲ್ಲಿ ಗಟ್ಟಿಯಾಗಿ ಕೂತಿಲ್ಲ ಅಂತ ಅನುಮಾನ ಪಡಬೇಕು. ಪ್ರಯೋಗದಲ್ಲಿ ಎಲೆಕ್ಟ್ರಾನುಗಳು ಎಲ್ಲೆಲ್ಲಿ ಕಂಡವು ಅಂತ ತೋರಿಸುವ ಎಲೆಕ್ಟ್ರಾನ್ ಡೆನ್ಸಿಟಿ ಮ್ಯಾಪ್ ಸಿಕ್ಕರೆ ಅದನ್ನೂ ತೆರೆಯಿರಿ.

ಈಗ ಕಂಪ್ಯೂಟರ್ ಊಹಿಸಿದ ರಚನೆಗಳಿರುವ ಆಲ್ಫಾಫೋಲ್ಡ್ ಡೇಟಾಬೇಸಿನ ಮಾದರಿಗಳನ್ನೇ ಇಟ್ಟುಕೊಂಡು ಶುರು ಮಾಡುವವರು ಜಾಸ್ತಿ. ಅವುಗಳಲ್ಲಿ ನೀರೂ ಇಲ್ಲ, ಔಷಧಿಯೂ ಇಲ್ಲ. ಬಿ-ಫ್ಯಾಕ್ಟರ್ ಜಾಗದಲ್ಲಿ ಇರುವುದು ಭರವಸೆಯ ಅಂಕ, ಅದು ಹೆಚ್ಚಿದ್ದಷ್ಟೂ ಒಳ್ಳೆಯದು. ಬಿ-ಫ್ಯಾಕ್ಟರ್ ಅಂದುಕೊಂಡು ಹಳೆಯ ಅಭ್ಯಾಸದಲ್ಲಿ ಬಣ್ಣ ಹಾಕಿದರೆ ಅರ್ಥ ತಿರುಗುಮುರುಗಾಗುತ್ತದೆ. ಅಂಥ ಮಾದರಿ ಬಂದಾಗ ಅದೇ ಕುಟುಂಬದ, ಪ್ರಯೋಗದಿಂದ ಸಿಕ್ಕ ರಚನೆಯೊಂದನ್ನು ಹುಡುಕಿ ಅದರ ಮೇಲೆ ಅಲೈನ್ ಮಾಡುತ್ತೇನೆ. ಗುಳಿಯಲ್ಲಿ ನೀರು ಎಲ್ಲೆಲ್ಲಿ ಇರಬಹುದು ಅನ್ನುವುದರ ಒಂದು ಅಂದಾಜು ಆಗ ಸಿಗುತ್ತದೆ.