ಗ್ರಾಫ್ ಹಾಳೆ ತಿರುಗಿಸಿದ ದಿನ

ಹತ್ತನೇ ತರಗತಿವರೆಗೆ ನನ್ನದು ಕನ್ನಡ ಮಾಧ್ಯಮ. ಈ ಕಾಲೇಜಿನಲ್ಲಿ ಪಿಯುಸಿಗೆ ಸೇರಿದಾಗ ನಮ್ಮ 'ಇಳಿಜಾರು' (ಗೆರೆ ಮೇಲಕ್ಕೆ ಹೋದಷ್ಟನ್ನು ಬಲಕ್ಕೆ ಹೋದಷ್ಟರಿಂದ ಭಾಗಿಸಿದರೆ ಬರುವುದು) 'ಸ್ಲೋಪ್' ಆಗಿ ಎದುರಿಗೆ ಬಂತು, ಗುರುತೇ ಸಿಗಲಿಲ್ಲ. ಸಮಾಂತರ, ಲಂಬ ಗೊತ್ತಿತ್ತು. ಪರ್ಪೆಂಡಿಕ್ಯುಲರ್‌ನ ಸ್ಪೆಲಿಂಗ್ ಈಗಲೂ ಒಂದು ಸಲ ನೋಡಿಕೊಂಡೇ ಬರೆಯುತ್ತೇನೆ.

ಸಮಾಂತರದ ಲೆಕ್ಕ ಬೇಗ ಬಂತು. 3ಎಕ್ಸ್ − 2ವೈ + 5 = 0 ರೇಖೆಗೆ ಸಮಾಂತರವಾಗಿ (4, 1) ಬಿಂದುವಿನ ಮೇಲೆ ಹಾಯುವ ರೇಖೆ ಬೇಕು ಅನ್ನಿ. ಇಳಿಜಾರು ಅದೇ ಆಗಿರಬೇಕು. ಹಾಗಾಗಿ 3ಎಕ್ಸ್ − 2ವೈ ಮುಟ್ಟುವ ಹಾಗಿಲ್ಲ. ಬಿಂದುವನ್ನು ಹಾಕಿದರೆ 12 − 2, ಅಂದರೆ 10. ಉತ್ತರ 3ಎಕ್ಸ್ − 2ವೈ = 10. ಅಷ್ಟೇ.

ಲಂಬದ್ದೇ ತಕರಾರು. ಎರಡು ಇಳಿಜಾರುಗಳ ಗುಣಲಬ್ಧ −1 ಅಂತ ಉರು ಹೊಡೆದಿದ್ದೆ. ಒಂದು ದಿನ ಧೈರ್ಯ ಮಾಡಿ ಕನ್ನಡದಲ್ಲೇ ಕೇಳಿಬಿಟ್ಟೆ: "ಸಾರ್, −1 ಯಾಕೆ? 1 ಯಾಕಲ್ಲ?" ಇಡೀ ಕ್ಲಾಸು ನಕ್ಕಿತು. ಮೇಷ್ಟ್ರು ನಗಲಿಲ್ಲ. "ಗ್ರಾಫ್ ಹಾಳೆ ತೆಗಿಯಪ್ಪ" ಅಂದರು.

2 ಮನೆ ಬಲಕ್ಕೆ, 3 ಮನೆ ಮೇಲಕ್ಕೆ ಹೋಗಿ ಗೆರೆ ಎಳೆಸಿದರು. ಇಳಿಜಾರು 3/2. ಆಮೇಲೆ ಹಾಳೆಯನ್ನು ಎಡಕ್ಕೆ ಕಾಲು ಸುತ್ತು ತಿರುಗಿಸಿದರು. "ಈಗ ಎಣಿಸು." ಅದೇ ಗೆರೆ 3 ಮನೆ ಎಡಕ್ಕೆ, 2 ಮನೆ ಮೇಲಕ್ಕೆ ಹೋಗುತ್ತಿತ್ತು! ಮೇಲಿನದು ಕೆಳಗೆ, ಕೆಳಗಿನದು ಮೇಲೆ. ಬಲ ಎಡವಾದದ್ದಕ್ಕೆ ಮೈನಸ್. −2/3. ಗುಣಿಸಿದರೆ −1 ಬರದೆ ಇನ್ನೇನು? ಅದೇ (4, 1)ರಲ್ಲಿ ಲಂಬರೇಖೆ 2ಎಕ್ಸ್ + 3ವೈ = 11 ಅಂತ ಬರೆದಾಗ ಕೈ ತಡವರಿಸಲಿಲ್ಲ.

ಜಾಸ್ತಿ ಬೀಗಿದೆ ಅಂತ ಕಾಣುತ್ತೆ. ಮುಂದಿನ ಟೆಸ್ಟಿನಲ್ಲಿ ಎಕ್ಸ್ = 4 ರೇಖೆಗೆ (7, 2)ರ ಮೂಲಕ ಲಂಬ ಎಳೆಯಬೇಕಿತ್ತು. ಸುಮ್ನೆ ಸೂತ್ರ ಹಾಕಿ, ಸೊನ್ನೆಯಿಂದ ಭಾಗಿಸಿ, ಅರ್ಧ ಪುಟ ಗೀಚಿದ್ದೆ. ಮೇಷ್ಟ್ರು ಕೆಂಪು ಶಾಯಿಯಲ್ಲಿ ಒಂದೇ ಸಾಲು ಬರೆದಿದ್ದರು: "ಗೋಡೆಗೆ ಎಷ್ಟಪ್ಪ ಇಳಿಜಾರು?"

ನಮ್ಮಪ್ಪ ಗಾರೆ ಕೆಲಸದವರು. ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು ಗೋಡೆ ನೆಟ್ಟಗಿದೆಯಾ ಅಂತ ಅವರು ನೋಡುವುದನ್ನು ಚಿಕ್ಕಂದಿನಿಂದ ಕಂಡಿದ್ದೆ. ಆ ದಾರ ಬಲಕ್ಕೂ ಹೋಗಲ್ಲ, ಎಡಕ್ಕೂ ಹೋಗಲ್ಲ. ಭಾಗಿಸಲು ಸೊನ್ನೆ ಬಿಟ್ಟು ಏನೂ ಇಲ್ಲ, ಹಾಗಾಗಿ ಇಳಿಜಾರೇ ಇಲ್ಲ. ಗೋಡೆಗೆ ಲಂಬ ನೆಲ, ಅಲ್ವಾ? ವೈ = 2. ಪತ್ರಿಕೆಯ ಅಂಚಿನಲ್ಲೇ ಬರೆದು ತೋರಿಸಿದೆ. ಅಂಕ ಮಾತ್ರ ಕೊಡಲಿಲ್ಲ.