ಅಪಘಾತ ವಿಮೆ ಕ್ಲೈಮ್ ಮಾಡಿದ್ರೆ ನಿಜವಾಗಿ ದುಡ್ಡು ಬರುತ್ತಾ?

ನನ್ನ ಕೈ ಮುರಿದ ಕಥೆ ಗೊತ್ತಿರುವವರೆಲ್ಲ ಕೇಳುವ ಪ್ರಶ್ನೆ ಇದು. ಆರೋಗ್ಯ ವಿಮೆ ಹೇಗೂ ಇದೆಯಲ್ಲ, ಮತ್ತೆ ಅಪಘಾತದ್ದು, ಡಿಸಬಿಲಿಟಿದು ಅಂತ ಬೇರೆ ಪಾಲಿಸಿ ಯಾಕೆ? ಕ್ಲೈಮ್ ಮಾಡಿದರೆ ಕೊಡ್ತಾರಾ?

ನನಗೆ ಕೊಟ್ಟರು. ಆದರೆ ಎಲ್ಲವೂ ಮೊದಲ ಸಲಕ್ಕೇ ಅಲ್ಲ.

ಮೆಟ್ಟಿಲ ಮೇಲೆ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಆಪರೇಷನ್ ಮಾಡಿ ಪ್ಲೇಟ್ ಹಾಕಿದರು. ಆ ಬಿಲ್ಲು ಆರೋಗ್ಯ ವಿಮೆಯಲ್ಲಿ ಮುಗಿಯಿತು. ಕೆಲಸಕ್ಕೆ ಹೋಗದ ದಿನಗಳ ಸಂಬಳವನ್ನು ಅದು ಕೊಡುವುದಿಲ್ಲ, ಅಲ್ವಾ?

ಅಪಘಾತದ ಪಾಲಿಸಿ ಸುಲಭವಾಗಿತ್ತು. ಯಾವ ಮೂಳೆ ಮುರಿದರೆ ಎಷ್ಟು ಅಂತ ಅದರಲ್ಲಿ ಪಟ್ಟಿಯೇ ಇತ್ತು. ಎಕ್ಸ್‌ರೇ ವರದಿ, ಡಿಸ್ಚಾರ್ಜ್ ಸಮ್ಮರಿ ಕಳಿಸಿದೆ, ದುಡ್ಡು ನೇರ ನನ್ನ ಖಾತೆಗೆ ಬಂತು. ಫಿಸಿಯೋಥೆರಪಿಗೂ ಒಂದೊಂದು ಸಲಕ್ಕೆ ಇಷ್ಟು ಅಂತ ಇದೆ ಅನ್ನುವುದು ಪಾಲಿಸಿಯನ್ನು ಎರಡನೇ ಸಲ ಓದಿದಾಗಲೇ ಕಂಡಿದ್ದು. ಕೇಳಿದ ಮೇಲೆ ಅದನ್ನೂ ಕೊಟ್ಟರು.

ಒದ್ದಾಡಿದ್ದು ಡಿಸಬಿಲಿಟಿ ಕ್ಲೈಮಿನಲ್ಲಿ. ಅದು ಗಾಯಕ್ಕೆ ಕೊಡುವ ಹಣ ಅಲ್ಲ, ಕೆಲಸ ಮಾಡಲು ಆಗದೇ ಇರುವುದಕ್ಕೆ ಕೊಡುವ ಹಣ. ಡಾಕ್ಟರು ಫಾರಮ್ಮಿನಲ್ಲಿ ‘ಮಣಿಕಟ್ಟಿನ ಮೂಳೆ ಮುರಿತ, ವಿಶ್ರಾಂತಿ ಬೇಕು’ ಅಂತ ಮಾತ್ರ ಬರೆದಿದ್ದರು. ಕೆಲಸ ಮಾಡಲಾಗದು ಎಂಬುದಕ್ಕೆ ಆಧಾರ ಸಾಲದು ಅಂತ ಕ್ಲೈಮ್ ತಿರಸ್ಕರಿಸಿದರು. ಆ ಪತ್ರ ಓದಿ ಎರಡು ದಿನ ಸುಮ್ನೆ ಕೂತುಬಿಟ್ಟೆ. ಆಮೇಲೆ ಹೊಳೆಯಿತು. ನನ್ನದು ಇಡೀ ದಿನ ಟೈಪ್ ಮಾಡುವ ಕೆಲಸ, ಅದು ಡಾಕ್ಟರಿಗೆ ಹೇಗೆ ಗೊತ್ತಾಗಬೇಕು? ನಾನು ಹೇಳಿಯೇ ಇರಲಿಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ಏನೇನು ಮಾಡುತ್ತೇನೆ ಅಂತ ಒಂದು ಹಾಳೆಯಲ್ಲಿ ಬರೆದುಕೊಂಡು ಹೋದೆ. ಅವರು ಮತ್ತೆ ಪರೀಕ್ಷೆ ಮಾಡಿ, ಕೈಯ ಹಿಡಿತ ಎಷ್ಟಿದೆ ಅಂತ ಅಳೆದು, 10 ನಿಮಿಷಕ್ಕಿಂತ ಜಾಸ್ತಿ ಟೈಪ್ ಮಾಡಲಾಗದು, ಭಾರ ಎತ್ತುವಂತಿಲ್ಲ, ಇಂಥ ತಾರೀಕಿನವರೆಗೆ ಅಂತ ಬಿಡಿಸಿ ಬರೆದುಕೊಟ್ಟರು. ಮೇಲ್ಮನವಿಯ ಗಡುವು ಮುಗಿಯುವ ಮೊದಲೇ ಕಳಿಸಿದೆ. ಒಪ್ಪಿದರು.

ಬಂದದ್ದೆಷ್ಟು? ನಾನು ಮನೆಯಲ್ಲಿದ್ದದ್ದು 77 ದಿನ. ಮೊದಲ 30 ದಿನ ಕಾಯುವ ಅವಧಿ, ಅದಕ್ಕೆ ಏನೂ ಇಲ್ಲ. ಉಳಿದ 47 ದಿನಕ್ಕೆ ಸಂಬಳದ ಶೇ 60ರಷ್ಟು ಕೊಟ್ಟರು. ಈ ಕಾಯುವ ಅವಧಿ 90 ದಿನ, 180 ದಿನ ಇರುವ ಪಾಲಿಸಿಗಳೂ ಇವೆ. ಪ್ರೀಮಿಯಂ ಕಡಿಮೆ ಅಂತ ಅಂಥದ್ದನ್ನು ತೆಗೆದುಕೊಂಡಿದ್ದರೆ ನನಗೆ ಏನೂ ಸಿಗುತ್ತಿರಲಿಲ್ಲ.

ನೀವು ತೆಗೆದುಕೊಳ್ಳುವುದಾದರೆ ಸಹಿ ಹಾಕುವ ಮೊದಲು ಇನ್ನೊಂದು ಸಾಲು ಹುಡುಕಿ. ‘ನಿಮ್ಮ ಕೆಲಸ’ ಮಾಡಲಾಗದಿದ್ದರೆ ಕೊಡ್ತಾರೋ, ‘ಯಾವ ಕೆಲಸವನ್ನೂ’ ಮಾಡಲಾಗದಿದ್ದರೆ ಮಾತ್ರವೋ? ಎಷ್ಟೋ ಪಾಲಿಸಿಗಳಲ್ಲಿ ಮೊದಲ 24 ತಿಂಗಳು ‘ನಿಮ್ಮ ಕೆಲಸ’ದ ಲೆಕ್ಕ, ಆಮೇಲೆ ‘ಯಾವ ಕೆಲಸವನ್ನೂ’ ಅನ್ನುವ ಲೆಕ್ಕ. ನನ್ನದು ಮೊದಲಿನಿಂದಲೇ ‘ಯಾವ ಕೆಲಸವನ್ನೂ’ ಅನ್ನುವ ಥರದ್ದಾಗಿದ್ದರೆ ಕ್ಲೈಮ್ ಒಪ್ಪುತ್ತಲೇ ಇರಲಿಲ್ಲ. ಎಡಗೈಯಲ್ಲಿ ಫೋನ್ ಹಿಡಿದು ಮಾತಾಡುವ ಕೆಲಸವನ್ನು ನಾನು ಆಗಲೂ ಮಾಡಬಹುದಿತ್ತು.