ದಿನಾ ಹಾಡು ಕೇಳ್ತೀರಲ್ಲ, ಎಷ್ಟು ಚಂದ!

ಮದುವೆ ಮನೆಯ ಪಂಕ್ತಿಯಲ್ಲಿ, ಬಸ್ಸಿನಲ್ಲಿ, ಕೊಪ್ಪಳದ ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ, ನಾನು ಸೌಂಡ್ ಇಂಜಿನಿಯರ್ ಅಂತ ಗೊತ್ತಾದ ಎರಡನೇ ನಿಮಿಷಕ್ಕೆ ಈ ಮಾತು ಬರುತ್ತದೆ. "ದಿನಾ ಪುಕ್ಕಟೆ ಹಾಡು ಕೇಳ್ಕೋತ ಊರೂರು ತಿರುಗೋದು, ಮ್ಯಾಲೆ ರೊಕ್ಕ ಬ್ಯಾರೆ. ಎಷ್ಟು ಚಂದ ಅಲ್ರೀ ನಿಮ್ಮ ಕೆಲಸ?" ಕೇಳುವವರು ಉತ್ತರವನ್ನೂ ಕೈಯಲ್ಲೇ ಹಿಡಿದು ಬಂದಿರುತ್ತಾರೆ. ನಾನು "ಹೂಂ ರೀ" ಅನ್ನಬೇಕು, ಅಷ್ಟೇ. ಇಪ್ಪತ್ತು ವರ್ಷ ಅಂದಿದ್ದೇನೆ. ಬಾಯಿ ನೋಯುತ್ತಿದೆ, ಅದಕ್ಕೇ ಬರೆದಿಡುತ್ತಿದ್ದೇನೆ.

"ತಿರುಗೋದು" ಅನ್ನುವ ಮಾತೇ ನನಗೆ ಹಿಡಿಸುವುದಿಲ್ಲ. ಕೆಲಸವಿಲ್ಲದವರು ತಿರುಗುತ್ತಾರೆ. ಜನವರಿಯಲ್ಲಿ ನಮ್ಮ ಗವಿಮಠದ ಜಾತ್ರೆ ಆಯಿತೆಂದರೆ ಮುಂಗಾರು ಹಿಡಿಯುವವರೆಗೆ ನಾವು ದುಡಿಯುತ್ತೇವೆ. ಜಾತ್ರೆ, ಉತ್ಸವ, ರಸಮಂಜರಿ, ನಾಟಕ. ಮಧ್ಯಾಹ್ನ ಮೂರಕ್ಕೆ ಗಾಡಿ ಇಳಿಸಬೇಕು, ರಾತ್ರಿ ಎರಡಕ್ಕೆ ಮತ್ತೆ ಹೇರಬೇಕು. ಒಂದೊಂದು ಬೇಸ್ ಡಬ್ಬಕ್ಕೂ ನಾಲ್ಕು ಜನ ಬೇಕು. ಬೆಳಗಿನ ಜಾವ ಸಿಂಧನೂರಿನಲ್ಲಿ ಚಹಾ ಕುಡಿದರೆ ಕಾರಟಗಿ ದಾಟುವವರೆಗೆ ಡ್ರೈವರ್ ಕಣ್ಣು ಮುಚ್ಚದಂತೆ ಯಾರಾದರೊಬ್ಬರು ಮಾತಾಡುತ್ತಲೇ ಇರಬೇಕು. ಆ ಪಾಳಿ ಹೆಚ್ಚಾಗಿ ನನ್ನದೇ.

ಇನ್ನು ಹಾಡು ಕೇಳುವ ವಿಷಯ. ನಾನು ಹಾಡು ಕೇಳುವುದಿಲ್ಲ. ನಂಬದವರಿಗೆ ಒಂದು ರಾತ್ರಿಯ ಕತೆ ಹೇಳುತ್ತೇನೆ.

ಮಸ್ಕಿ ಕಡೆಯ ಒಂದು ಹಳ್ಳಿ, ಏಪ್ರಿಲ್ ತಿಂಗಳು. ನಾಲ್ಕು ಗಂಟೆಗೆ ಸೌಂಡ್ ಚೆಕ್ ಮಾಡುವಾಗ ತಗಡು ಮುಟ್ಟಿದರೆ ಕೈ ಸುಡುತ್ತಿತ್ತು. ಅಂಥ ಒಣ ಗಾಳಿ ಸಣ್ಣ ಸ್ವರಗಳನ್ನು ದಾರಿಯಲ್ಲೇ ನುಂಗುತ್ತದೆ. ಸ, ಶ, ತಾಳದ ಕಿಣಿಕಿಣಿ ಎಲ್ಲ ಹಿಂದಿನ ಸಾಲಿಗೆ ಹೋಗುವಷ್ಟರಲ್ಲಿ ಮಂಕಾಗುತ್ತವೆ. ಅದನ್ನು ಸರಿದೂಗಿಸಿ ಇಟ್ಟರೆ ರಾತ್ರಿ ಗಾಳಿ ತಂಪಾಗಿ, ತುಸು ತೇವ ಹಿಡಿದು, ಅದೇ ಸ ಶ ಕಿವಿಗೆ ಚುಚ್ಚತೊಡಗುತ್ತವೆ. ನೆಲ ಆರಿದ ಮೇಲೆ ಕೆಳಗಿನ ಗಾಳಿ ತಣ್ಣಗೆ, ಮೇಲಿನದು ಬೆಚ್ಚಗೆ. ಆಗ ಮೇಲೆ ಹೋಗಬೇಕಾದ ಸದ್ದು ನೆಲದ ಕಡೆಗೇ ಬಾಗಿ ದೂರದೂರ ಹೋಗುತ್ತದೆ. ಪಕ್ಕದೂರಿನಿಂದ ಕಮಿಟಿಯವರಿಗೆ ಫೋನ್ ಬರುವುದು ಆಗಲೇ. ಮಧ್ಯಾಹ್ನದ ಬಯಲು ಖಾಲಿ, ರಾತ್ರಿಯದು ತುಂಬಿರುತ್ತದೆ, ಮನುಷ್ಯರ ಮೈಯೂ ಸದ್ದು ಹೀರುತ್ತದೆ. ಅಂದರೆ ಒಂದೇ ಬಯಲಿನಲ್ಲಿ ನಾನು ದಿನಕ್ಕೆರಡು ಬಯಲಿಗೆ ಕೆಲಸ ಮಾಡುತ್ತೇನೆ. ಇದನ್ನು ಮಾಡುವುದು ಜನ ಅಂದುಕೊಂಡ "ಬಟನ್ ಮ್ಯಾಲೆ ಕೆಳಗ" ಅಲ್ಲ, ಕಿವಿ.

ಅವತ್ತು ತತ್ವಪದ ಹಾಡುವ ಅಜ್ಜಿಯೊಬ್ಬಳಿಗೆ ಒಂಬತ್ತು ಗಂಟೆಯ ಸಮಯ ಕೊಟ್ಟಿದ್ದರು. ಸನ್ಮಾನ, ಭಾಷಣ, ಮತ್ತೊಂದು ಸನ್ಮಾನ ಮುಗಿದು ಆಕೆ ವೇದಿಕೆ ಹತ್ತಿದಾಗ ಹನ್ನೊಂದು ಇಪ್ಪತ್ತು. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಹಬ್ಬ ಉತ್ಸವಕ್ಕೆಂದು ವರ್ಷದಲ್ಲಿ 15 ದಿನ ಮೀರದಂತೆ ಸರ್ಕಾರ 12ರವರೆಗೆ ಸಡಿಲ ಕೊಡಬಹುದು. ಅಂಥದೊಂದು ದಿನ ಅದು. ಅಜ್ಜಿಗೆ ಉಳಿದದ್ದು ನಲವತ್ತು ನಿಮಿಷ.

ಏಕತಾರಿ ಎದೆಗೊತ್ತಿಕೊಂಡು ಮೈಕಿಗೆ ಬಾಯಿ ತಂದವಳು ಚಟ್ಟನೆ ಹಿಂದೆ ಸರಿದಳು.

"ಯಪ್ಪಾ, ಇದು ಕಚ್ತೈತಿ."

ಜನ ನಕ್ಕರು. ನನಗೆ ಎದೆ ಧಸಕ್ಕೆಂದಿತು. ವೇದಿಕೆಯೆಂದರೆ ನೀರು ಚಿಮುಕಿಸಿ ಬಡಿದ ಮಣ್ಣಿನ ಕಟ್ಟೆ, ಅಜ್ಜಿ ಬರಿಗಾಲು. ಮೀಟರ್ ಹಿಡಿದೆ. ಮೈಕಿನ ಜಾಳಿಗೆಗೂ ನೆಲಕ್ಕೂ ನಡುವೆ 90 ವೋಲ್ಟ್. ಅದಕ್ಕೂ ಮೊದಲು ಮಾತಾಡಿದವರೆಲ್ಲ ಬೂಟು ಚಪ್ಪಲಿ ಹಾಕಿದ್ದರು, ಮೈಕಿನಿಂದ ಗೇಣು ದೂರ ನಿಂತಿದ್ದರು, ಹಾಗಾಗಿ ಯಾರಿಗೂ ಗೊತ್ತಾಗಿರಲಿಲ್ಲ. ಜನರೇಟರ್‌ಗೆ ಅರ್ಥಿಂಗ್ ಕೊಟ್ಟೇವಿ ಅಂತ ಅದರವನು ಸಂಜೆ ಹೇಳಿದ್ದ. ಹೋಗಿ ನೋಡಿದರೆ ರಾಡನ್ನು ಗೇಣುದ್ದ ಒಣ ಮಣ್ಣಿಗೆ ಚುಚ್ಚಿ ಬಿಟ್ಟಿದ್ದಾನೆ. ಒಣ ಮಣ್ಣಿನೊಳಗೆ ಕರೆಂಟ್ ಇಳಿಯುವುದಿಲ್ಲ. ಇಳಿಯಲಿಕ್ಕೆ ದಾರಿ ಹುಡುಕುತ್ತ ಅಜ್ಜಿಯ ತುಟಿಯವರೆಗೆ ಬಂದಿತ್ತು. ಎಲ್ಲ ಬಂದ್ ಮಾಡಿಸಿ, ಅಡುಗೆಯವರ ನೀರಿನ ಡ್ರಮ್ಮಿನ ಪಕ್ಕ ಹಸಿ ನೆಲ ನೋಡಿ ರಾಡನ್ನು ಸುತ್ತಿಗೆಯಿಂದ ಆಳಕ್ಕೆ ಬಡಿದೆವು. ಅಡುಗೆಯವರಿಂದಲೇ ಎರಡು ಸೇರು ಉಪ್ಪು ಇಸಿದುಕೊಂಡು ಸುತ್ತ ಸುರಿದು ಎರಡು ಕೊಡ ನೀರು ಹೊಯ್ದೆವು. ಮತ್ತೆ ಚಾಲೂ ಮಾಡಿ ಮೀಟರ್ ಹಿಡಿದರೆ ಒಂದು ವೋಲ್ಟೂ ಇಲ್ಲ. ಆದರೂ ನಾನು ಚಪ್ಪಲಿ ಕಳಚಿ, ಅಜ್ಜಿಯ ಕಣ್ಣೆದುರು ಅದೇ ಮಣ್ಣಿನ ಮೇಲೆ ನಿಂತು ಮೈಕಿಗೆ ತುಟಿ ಹಚ್ಚಿ ತೋರಿಸಿದೆ.

"ಈಗ ಕಚ್ಚಂಗಿಲ್ಲ ಬೇ, ಹಾಡು."

ಹದಿನೈದು ನಿಮಿಷ ಹೋಗಿತ್ತು. ಹಿಂದಿನಿಂದ ಕಮಿಟಿಯ ಒಬ್ಬರು, "ಏನ್ರೀ ಮೈಕಿನವ್ರ, ಒಂದು ಮುದುಕಿಗೆ ಇಷ್ಟ್ಯಾಕ? ಕೈಯಾಗ ಹಿಡಿಸಿ ಸೌಂಡ್ ಹೆಚ್ಚು ಮಾಡ್ರಿ, ಮುಗೀಲಿ" ಅಂದರು. ನಾನು ಉತ್ತರ ಕೊಡಲಿಲ್ಲ. ಇಲ್ಲಿ ಕೊಡುತ್ತೇನೆ. ಆ ಮುದುಕಿಗೇ ಇಷ್ಟು. ಭಾಷಣದವರ ದನಿ ಮೈಕ್ ಇಲ್ಲದೆಯೂ ಅರ್ಧ ಊರಿಗೆ ಕೇಳುತ್ತದೆ. ಆಕೆಯದು ಮೊದಲ ಸಾಲಿಗೂ ಮುಟ್ಟದ ದನಿ. ನಮ್ಮಂಥವರು ಇರುವುದೇ ಆಕೆಗಾಗಿ.

ಆಕೆ ಹಾಡಿದಳು. ಯಾವ ಪದ ಹಾಡಿದಳು ಅಂತ ಕೇಳಬೇಡಿ, ನನಗೆ ನೆನಪಿಲ್ಲ. ಪ್ರತಿ ಸಾಲಿಗೂ ಮೊದಲು ಆಕೆ ಎಳೆದುಕೊಳ್ಳುತ್ತಿದ್ದ ಉಸಿರು ನೆನಪಿದೆ. ಮೈಕಿನಿಂದ ಎಂಟು ಬೆರಳು ದೂರ ಸರಿಯುತ್ತಿದ್ದಳು, ಆಗೆಲ್ಲ ನಾನು ದನಿ ಏರಿಸಿ ಇಳಿಸುವ ಫೇಡರ್ ಅನ್ನು ಕೂದಲೆಳೆಯಷ್ಟು ಏರಿಸುತ್ತಿದ್ದೆ. ಇನ್ನೊಂದು ಎಳೆ ಏರಿಸಿದರೆ ಮೈಕ್ ತನ್ನ ಸದ್ದನ್ನೇ ಸ್ಪೀಕರಿನಿಂದ ಹಿಡಿದು ಕುಂಯ್ ಅನ್ನುವ ಅಂಚು ಅದು. ಹಿಂದಿನ ಜನರಿಗಾಗಿ ನಿಲ್ಲಿಸಿದ ಸ್ಪೀಕರ್‌ಗಳು ವೇದಿಕೆಯಿಂದ 35 ಮೀಟರ್. ಸದ್ದು ಸೆಕೆಂಡಿಗೆ ಸುಮಾರು 350 ಮೀಟರ್ ನಡೆಯುತ್ತದೆ, ಅಂದರೆ ಅವುಗಳನ್ನು ಸೆಕೆಂಡಿನ ಹತ್ತನೇ ಒಂದು ಪಾಲು ತಡ ಮಾಡಿಸಬೇಕು. ಇಲ್ಲದಿದ್ದರೆ ಹಿಂದೆ ಕೂತವರಿಗೆ ಒಂದೇ ಮಾತು ಎರಡು ಸಲ ಕೇಳುತ್ತದೆ. ಇಂಥದ್ದೇ ನನ್ನ ತಲೆಯಲ್ಲಿ ಓಡುತ್ತಿರುತ್ತದೆ. ಜನ ಹಾಡು ಕೇಳುತ್ತಾರೆ, ನಾನು ಹಾಡಿಗೆ ಎಲ್ಲಿ ಪೆಟ್ಟು ಬೀಳುತ್ತಿದೆ ಅಂತ ಕೇಳುತ್ತಿರುತ್ತೇನೆ.

ಆ ರಾತ್ರಿಯ ಕತೆ ತೆಗೆದದ್ದೇ ಈ ಮುಂದಿನ ಸಂಗತಿ ಹೇಳಲಿಕ್ಕೆ. ಎರಡನೇ ಪದದ ನಡುವೆ ಸಣ್ಣದೊಂದು ಕುಂಯ್ ಕೇಳಿಸಿತು. ಬೆರಳು ಈಕ್ವಲೈಸರಿಗೆ ಹೋಯಿತು, ದಪ್ಪ ಸಣ್ಣ ಸ್ವರಗಳನ್ನು ಬೇರೆಬೇರೆ ಪಟ್ಟಿಯಲ್ಲಿ ಏರಿಸಿ ಇಳಿಸುವುದು ಅದು. ಒಂದು ಪಟ್ಟಿ ಇಳಿಸಿದೆ, ಹೋಗಲಿಲ್ಲ. ಪಕ್ಕದ್ದು ಇಳಿಸಿದೆ, ಅಲ್ಲೇ ಇತ್ತು. ಅಜ್ಜಿಯ ದನಿ ಮಾತ್ರ ಕಂಬಳಿ ಹೊದ್ದಂತೆ ಮಂದವಾಯಿತು. ಪಕ್ಕದಲ್ಲಿ ನಮ್ಮ ಕೇಬಲ್ ಹುಡುಗ ನಿಂತಿದ್ದ, ಹತ್ತೊಂಬತ್ತು ವರ್ಷದವನು.

"ಕುಂಯ್ ಅನ್ನಾಕತ್ತೈತಲ್ಲೋ, ಯಾವ ಕಡೆ ನೋಡು."

ಅವನು ಕಿವಿಗೊಟ್ಟ. "ಇಲ್ಲಣ್ಣ. ಏನೂ ಇಲ್ಲ."

"ಸರಿ ಕೇಳು."

"ಇಲ್ಲಣ್ಣ, ಕ್ಲಿಯರ್ ಐತಿ."

ಇಳಿಸಿದ ಎರಡೂ ಪಟ್ಟಿಗಳನ್ನು ಮತ್ತೆ ಏರಿಸಿದೆ. ಅಜ್ಜಿಯ ದನಿ ಬೆಳಕಿಗೆ ಬಂತು. ಕುಂಯ್ ಹಾಗೇ ಇತ್ತು. ಅದು ನನ್ನ ಕಿವಿಯೊಳಗಿತ್ತು.

ಅದಕ್ಕೂ ಮುಂಚೆ ಮೂರು ರಾತ್ರಿ ಸತತ ಡಿಜೆ ಕೆಲಸ ಮಾಡಿದ್ದೆ. ಬಳ್ಳಾರಿಗೆ ಹೋಗಿ ಕಿವಿ ಪರೀಕ್ಷೆ ಮಾಡಿಸಿದೆ. ಕಾಗದದ ಮೇಲೆ ನೆಟ್ಟಗೆ ಬಂದ ಗೆರೆ 4000 ಹರ್ಟ್ಸ್‌ನಲ್ಲಿ, ಅಂದರೆ ಕೀರಲು ಸ್ವರದ ಜಾಗದಲ್ಲಿ, ಹಳ್ಳಕ್ಕೆ ಬಿದ್ದಂತೆ ಬಿದ್ದು ಮತ್ತೆ ಮೇಲೇರಿತ್ತು. ಜೋರು ಸದ್ದಿನಲ್ಲಿ ದುಡಿದವರ ಕಿವಿ ಹೀಗೇ ಆ ಜಾಗದ ಸುತ್ತಲೇ ಮೊದಲು ಸವೆಯುತ್ತದಂತೆ. ಒಳಗಿರುವ ಕೂದಲಿನಂಥ ಜೀವಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ತಡೆದುಕೊಳ್ಳಬಹುದು. ಆಮೇಲೆ ಪ್ರತಿ 3 ಡೆಸಿಬಲ್‌ಗೆ ಸಮಯ ಅರ್ಧ ಅರ್ಧ ಇಳಿಯುತ್ತದೆ. ಲೆಕ್ಕ ಹಾಕಿದರೆ 100 ಡೆಸಿಬಲ್‌ಗೆ ಕಾಲು ಗಂಟೆ. ನಮ್ಮ ಬಯಲುಗಳಲ್ಲಿ 100 ಅಂದರೆ, "ಯಾಕ್ರೀ ಸೌಂಡೇ ಇಲ್ಲ?" ಅನ್ನುತ್ತಾರೆ.

ನನ್ನನ್ನು ಕೇಳಬೇಕಾದ ಪ್ರಶ್ನೆ ಒಂದೇ: "ಕಿವಿ ಹೆಂಗದಾವೋ ತಮ್ಮಾ?" ಗೌಂಡಿಗೆ ಕೈ ಹೇಗಿದೆ ಅನ್ನುತ್ತಾರೆ, ಡ್ರೈವರಿಗೆ ಕಣ್ಣು ಹೇಗಿದೆ ಅನ್ನುತ್ತಾರೆ. ನನ್ನನ್ನು ಇಲ್ಲಿಯವರೆಗೆ ಹಾಗೆ ಕೇಳಿದ್ದು ಆ ಅಜ್ಜಿ ಒಬ್ಬಳೇ. ಹನ್ನೆರಡಕ್ಕೆ ಎಲ್ಲ ಬಂದ್ ಆದ ಮೇಲೆ ಏಕತಾರಿಗೆ ಅರಿವೆ ಸುತ್ತುತ್ತ, "ಇಷ್ಟು ದೊಡ್ಡ ಡಬ್ಬದ ಮುಂದ ದಿನಾ ನಿಂದ್ರತೀಯಲ್ಲ, ಕಿವಿ ನೂಸಂಗಿಲ್ಲೇನು?" ಅಂದಳು. ನಾನು "ರೂಢಿ ಆಗೈತಿ ಬೇ" ಅಂದುಬಿಟ್ಟೆ. ಸುಳ್ಳು ಹೇಳಿದೆ. ಕಿವಿಗೆ ರೂಢಿ ಅನ್ನುವುದಿಲ್ಲ. ರೂಢಿಯಾಯಿತು ಅನ್ನಿಸುವುದು ಕೇಳುವುದು ಕಡಿಮೆಯಾದಾಗ.

ಹೌದು, ಕೆಲಸ ಚಂದ ಇದೆ. ಅಜ್ಜಿಯ ಆ ಉಸಿರು ಕಟ್ಟಕಡೆಯ ಸಾಲಿನಲ್ಲಿ ಗೋಡೆಗೊರಗಿ ನಿಂತವನಿಗೂ ಕೇಳಿತಲ್ಲ, ಅದಕ್ಕಿಂತ ಚಂದದ್ದು ನನಗೆ ಬೇರೆ ಗೊತ್ತಿಲ್ಲ. ಈಗ ಡಿಜೆ ಕೆಲಸ ಬಿಟ್ಟಿದ್ದೇನೆ, ವರಮಾನ ಇಳಿದಿದೆ. ಗಾಡಿ ಹೇರುವ ಮುಂಚೆ ಹುಡುಗರ ಕೈಗೆ ಕಿವಿಗೆ ತುರುಕುವ ಸ್ಪಂಜಿನ ಬಿರಡೆ ಕೊಡುತ್ತೇನೆ. ಕೇಬಲ್ ಹುಡುಗ ಮೊದಮೊದಲು ನಾಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಈಗ ನಾನೇ ಅವನ ಕಿವಿ ಹಿಂಡಿ ಒಳಗೆ ತುರುಕುತ್ತೇನೆ. ಸಣ್ಣ ಕುಂಯ್ ಬಂದರೆ ಹೇಳಬೇಕಾದವನು ಇನ್ನು ಮುಂದೆ ಅವನೇ.